ನಿಂತ ಪ್ರೊಸೆಸರ್, ಎದ್ದ ಗೇಟು

ಇದನ್ನು ಹೇಳಿದಾಗಲೆಲ್ಲ ಜನ ಮೊದಲು ಕೇಳುವುದು, ಅವತ್ತು ಎಷ್ಟು ಕುಡಿದಿದ್ದೆ ಎಂದು. ಚಹಾ ಬಿಟ್ಟರೆ ಏನೂ ಇಲ್ಲ! ನಾನು ಕಣ್ಣಾರೆ ಕಂಡದ್ದು, ಒಂದು ಚೂರೂ ಕಟ್ಟಿ ಹೇಳುತ್ತಿಲ್ಲ.

ಕಾಲುವೆ ಗೇಟುಗಳನ್ನು ಏರಿಳಿಸುವ ಎಲೆಕ್ಟ್ರಾನಿಕ್ ಬೋರ್ಡುಗಳ ರಿಪೇರಿ ನನ್ನ ಕೆಲಸ. ನಾರಾಯಣಪುರ ಡ್ಯಾಮಿನ ನೀರು ವನದುರ್ಗದ ಕಡೆ ತಿರುಗುವಲ್ಲಿ ಅಂಥದೊಂದು ಗೇಟಿತ್ತು. ನೀರು ಬಿಡುವ ಸರದಿ ಇಲ್ಲದ ಒಂದು ಸಂಜೆ ಅದು ಎದ್ದುಬಿಟ್ಟಿತು. ಕೆಳಗೆ ಒಣ ಕಾಲುವೆಯ ಗುಂಡಿಯಲ್ಲಿ ಉಳಿದ ನೀರಿಗೆ ಬಟ್ಟೆ ಒಗೆಯುತ್ತಿದ್ದ ಸಾಬವ್ವ ಕೊಚ್ಚಿಕೊಂಡು ಹೋಗಿ ಸತ್ತಳು.

ಕೇಸು ಬಿದ್ದದ್ದು ಗೇಟ್ ಕಾಯುವ ಮಾಳಪ್ಪನ ಮೇಲೆ. ಹುಡುಗರು ಗೇಟ್ ತಿರುಗಿಸಬಾರದೆಂದು ಅವನು ದಿನಾ ಗೇಟನ್ನು ಕೈಯಿಂದ ಏರಿಳಿಸುವ ಹ್ಯಾಂಡಲ್ ಬಿಚ್ಚಿ ಮನೆಗೆ ಒಯ್ಯುತ್ತಿದ್ದ. ಆ ಎಚ್ಚರಿಕೆಯೇ ಅವನ ಕುತ್ತಿಗೆಗೆ ಬಂತು. ಹ್ಯಾಂಡಲ್ ಇದ್ದದ್ದು ನಿನ್ನ ಹತ್ತಿರ, ತೆರೆದವನೂ ನೀನೇ ಎಂದರು. ತಪ್ಪು ಬೋರ್ಡಿನದು ಎಂದು ನಾನು ತೋರಿಸಿದರೆ ಮಾತ್ರ ಅವನು ಉಳಿಯುತ್ತಿದ್ದ.

ಗೇಟಿನ ಬಳಿ ಹಗಲಿನ ಬಿಸಿಲಿಗೆ ಲ್ಯಾಪ್‌ಟಾಪಿನ ತೆರೆ ಕಾಣುತ್ತಿರಲಿಲ್ಲ. ಕತ್ತಲಾದ ಮೇಲೆ ಡಿಬಗ್ಗರ್ ಹಚ್ಚಿದೆ. ಅದೊಂದು ಬೆಂಕಿಪೊಟ್ಟಣದಷ್ಟು ಡಬ್ಬಿ. ಅದರ ವೈರನ್ನು ಬೋರ್ಡಿನ ಪಿನ್ನುಗಳಿಗೆ ಚುಚ್ಚಿದರೆ ಬೋರ್ಡನ್ನು ನಡೆಸುವ ಪ್ರೊಸೆಸರಿನ ಹೊಟ್ಟೆಯೊಳಗಿನದೆಲ್ಲ ಕಾಣುತ್ತದೆ. ಬೇಕಾದಾಗ ಅದನ್ನು ನಿಲ್ಲಿಸಬಹುದು. ನಿಂತ ಪ್ರೊಸೆಸರ್ ನಾವು ಬಿಡುವತನಕ ಯಾರಿಗೂ ಅಪ್ಪಣೆ ಕೊಡಲಾರದು.

"ಏನರ ಸಿಕ್ತೇನ್ರಿ ಸಾರ್?" ಪಕ್ಕದಲ್ಲಿ ಕುಳಿತ ಮಾಳಪ್ಪ ಕೇಳಿದ. ಹ್ಯಾಂಡಲ್ ಅವನ ತೊಡೆಯ ಮೇಲಿತ್ತು.

"ಇನ್ನಾ ಇಲ್ಲೋ. ತಡಿ."

ದೂರದಿಂದ ಆಜ್ಞೆ ಬಾರದಂತೆ ಬೋರ್ಡಿನ ಆಂಟೆನಾ ಬಿಚ್ಚಿದೆ. ಪ್ರೊಸೆಸರನ್ನು ನಿಲ್ಲಿಸಿದೆ. ತೆರೆಯ ಮೇಲಿನ ಅಂಕಿಗಳು ಗಪ್ಪಾದವು.

ಆಗ ಕೆಳಗಿನಿಂದ ಕೇಳಿತು... ಪಟ್... ಪಟ್... ಒದ್ದೆ ಬಟ್ಟೆ ಕಲ್ಲಿಗೆ ಬಡಿಯುವ ಸದ್ದು. ಹಿಂದೆಯೇ ಬಟ್ಟೆ ಸೋಪಿನ ಘಾಟು.

"ಈ ಹೊತ್ನ್ಯಾಗ ಯಾರು ಒಗಿಯಾಕತ್ಯಾರ?"

ಮಾಳಪ್ಪ ಪಿಸುಗುಟ್ಟಿದ. "ನಿಮಗೂ ಕೇಳಾಕತ್ತದೇನ್ರಿ...?"

ಟಾರ್ಚ್ ಹಾಕಿದೆ. ಬರೀ ಒಣಕಲ್ಲು, ಒಂದು ನರಪಿಳ್ಳೆಯೂ ಇಲ್ಲ. ಸದ್ದು ಮಾತ್ರ ನಿಲ್ಲಲಿಲ್ಲ.

ಅಷ್ಟರಲ್ಲಿ ಗೇಟಿನ ಮೋಟಾರು ಗುರ್ ಎಂದಿತು! ತೆರೆ ನೋಡಿದೆ. ಪ್ರೊಸೆಸರ್ ನಿಂತೇ ಇತ್ತು. ಮೋಟಾರಿಗೆ ಅಪ್ಪಣೆ ಕೊಡುವ ಪಿನ್ನನ್ನು ಮೀಟರಿನಿಂದ ಮುಟ್ಟಿದೆ, ಅಲ್ಲಿ ಕರೆಂಟೇ ಇಲ್ಲ. ಗೇಟು ಮಾತ್ರ ಏಳುತ್ತಿತ್ತು... ಅಡಿಯಿಂದ ನೀರು ಭೋರ್ಗರೆದು ನುಗ್ಗಿತು.

ಮಾಳಪ್ಪ ಕಟ್ಟೆಯ ಮೇಲೆ ಬಗ್ಗಿ ಒದರಿದ. "ಏಳವ್ವಾ! ನೀರು ಬಂತು, ಮ್ಯಾಲ ಬಾರವ್ವಾ!"

ಯಾರೂ ಇಲ್ಲದ ಕಾಲುವೆಗೆ ಹಾಗೆ ಕೂಗುತ್ತ ಅವನು ಅಳುತ್ತಿದ್ದ. ನಾನು ಮೋಟಾರಿನ ಫ್ಯೂಸ್ ಕಿತ್ತೆ. ಗೇಟು ನಿಂತಿತು, ಬಟ್ಟೆಯ ಸದ್ದೂ ನಿಂತಿತು. ಇಬ್ಬರೂ ಸೇರಿ ಹ್ಯಾಂಡಲ್ ತಿರುಗಿಸಿ ಗೇಟು ಇಳಿಸಿದೆವು.

ಮರುದಿನ ಪ್ರತಿ ವೈರು, ಮೋಟಾರು ಹಚ್ಚುವ ಪ್ರತಿ ರಿಲೇ ಬಿಚ್ಚಿ ನೋಡಿದೆ. ಏನೂ ಸಿಗಲಿಲ್ಲ. ಕಂಡದ್ದನ್ನೆಲ್ಲ ಇದ್ದದ್ದು ಇದ್ದಂತೆ ಬರೆದು ಕೊಟ್ಟೆ.

ಕಚೇರಿಯ ಸಾಹೇಬರು ಓದಿ ಕನ್ನಡಕ ತೆಗೆದರು. "ಗೇಟ್ ಎದ್ದಾಗ ಪ್ರೊಸೆಸರ್ ನಿಂತಿತ್ತು ಅಂತ ನೀವ ಬರದೀರಿ. ಅಂದ್ರ ಬೋರ್ಡಿನ ತಪ್ಪಿಲ್ಲ. ಹ್ಯಾಂಡಲ್ ಹಿಡಕೊಂಡು ಕುಂತವ ಯಾರು?"

"ಮೋಟಾರ್ ಓಡಿದ್ದು ನಾನು ಕೇಳೀನ್ರಿ!"

"ನಿಮ್ಮ ಕಿವಿ ಬ್ಯಾಡ್ರಿ. ನಿಮ್ಮ ಡಬ್ಬಿ ಹೇಳಿದ್ದಷ್ಟ ಸಾಕು."

ಸಿಟ್ಟು ನೆತ್ತಿಗೇರಿತು. ಮೇಜು ಗುದ್ದಿ ವಾದಿಸಿದೆ, ಯಾರು ಕೇಳಬೇಕು? ಡಿಬಗ್ಗರ್ ಸುಳ್ಳು ಹೇಳುವುದಿಲ್ಲ ಎಂದು ನಾನೇ ಅವರಿಗೆಲ್ಲ ಪಾಠ ಮಾಡಿದವನು. ಮಾಳಪ್ಪನನ್ನು ಕೆಲಸದಿಂದ ಕಿತ್ತುಹಾಕಿದರು. ಕೇಸು ಇನ್ನೂ ನಡೆದಿದೆ.

ಆಮೇಲೊಮ್ಮೆ ರಂಗಂಪೇಟೆಯಲ್ಲಿ ಸಿಕ್ಕ. ಸಿಮೆಂಟ್ ಚೀಲ ಇಳಿಸುತ್ತಿದ್ದ, ಸೊರಗಿ ಹೋಗಿದ್ದ. ನನ್ನ ಮೇಲೆ ಸಿಟ್ಟಾಗಿ ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ. ಹತ್ತಿರ ಬಂದು ಮೆಲ್ಲಗೆ ಕೇಳಿದ.

"ಅವತ್ತ ಸಾಬವ್ವ ನನ್ನ ಉಳಸಾಕ ಬಂದಿದ್ಳೋ, ಮುಳಗಸಾಕ ಬಂದಿದ್ಳೋ ಸಾರ್?"