ಸ್ಟೇಷನ್ನಿನಲ್ಲಿದ್ದ ಕೋವಿಯಲ್ಲಿ ನಾನು ಹೊಡೆದ ಹಂದಿ

ನಾನು ಮಾಡಿರುವ ಪೆದ್ದುತನಗಳನ್ನೆಲ್ಲ ಹರವಿದರೆ ಕಾಫಿ ಒಣಗಿಸುವ ಕಣ ಸಾಲದು. ಆದರೆ ಅವುಗಳಲ್ಲಿ ಪೊಲೀಸ್ ಸ್ಟೇಷನ್ನಿನ ಮೆಟ್ಟಿಲು ಹತ್ತಿದ್ದು ಒಂದೇ. ಹೊಡೆಯದೇ ಇದ್ದ ಕಾಡುಹಂದಿಯನ್ನು ನಾನೇ ಹೊಡೆದೆ ಎಂದು ಇಂಟರ್ನೆಟ್ಟಿನಲ್ಲಿ ಬರೆದುಕೊಂಡೆ. ಅದೂ ಎಲೆಕ್ಷನ್ ಸಮಯದಲ್ಲಿ.

ಎಲೆಕ್ಷನ್ನಿನ ಮಾತು ಯಾಕೆಂದರೆ, ನಮ್ಮ ಕಳಸದ ಕಡೆ ಬೆಳೆ ಕಾಯಲು ಕೋವಿ ಲೈಸೆನ್ಸ್ ಪಡೆದವರೆಲ್ಲ ಚುನಾವಣೆ ಘೋಷಣೆಯಾದ ಕೂಡಲೇ ಕೋವಿಯನ್ನು ಸ್ಟೇಷನ್ನಿಗೆ ಒಪ್ಪಿಸಬೇಕು. ಎಣಿಕೆಯೆಲ್ಲ ಮುಗಿದ ಮೇಲೆ ವಾಪಸ್ಸು. ಆ ದಿನಗಳಲ್ಲಿ ಸ್ಟೇಷನ್ನಿನ ಒಳಕೋಣೆ, ಮಳೆಗಾಲದ ಮದುವೆಮನೆಯಲ್ಲಿ ಕೊಡೆಗಳನ್ನು ಒರಗಿಸಿಟ್ಟ ಮೂಲೆಯ ಹಾಗೆ ಕಾಣುತ್ತಿತ್ತು. ನನ್ನ ಚಿಕ್ಕಪ್ಪನ ಜೋಡುನಳಿಗೆಯ ಕೋವಿಯೂ ಕೊರಳಿಗೆ ಚೀಟಿ ಕಟ್ಟಿಸಿಕೊಂಡು ಅಲ್ಲೇ ನಿಂತಿತ್ತು. ಇದು ಊರಿನಲ್ಲಿ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಗೊತ್ತಿರುವುದು ಬೇರೆ, ಸೈಬರ್ ಕೆಫೆಯಲ್ಲಿ ಕೂತಾಗ ನೆನಪಾಗುವುದು ಬೇರೆ.

ಫೋಟೋ ತೆಗೆದದ್ದು ಅದಕ್ಕೂ ಎಷ್ಟೋ ಮೊದಲು, ಕಾಫಿ ಕೊಯ್ಲು ಮುಗಿದ ಖುಷಿಗೆ ಚಿಕ್ಕಪ್ಪ ತೋಟದವರಿಗೆಲ್ಲ ಊಟ ಹಾಕಿಸಿದ ದಿನ. ಊಟಕ್ಕೆಂದು ತಂದದ್ದು ಸಾಕಿದ ಕರಿ ಹಂದಿ. ಕೊಯ್ಯುವ ಮೊದಲು ಅದನ್ನು ಕೊಂದು ಅಂಗಳದಾಚೆ ಕೆಡವಿದ್ದರು. ನಾನು ಅದರ ಮೈಗೊಂದಿಷ್ಟು ಕೆಸರು ಬಳಿದು, ಒಳಗಿನಿಂದ ಚಿಕ್ಕಪ್ಪನ ಕೋವಿ ತಂದು, ಒಂದು ಕಾಲನ್ನು ಹಂದಿಯ ಮೇಲಿಟ್ಟು ನಿಂತೆ. ನೆಂಟರ ಹುಡುಗನೊಬ್ಬ ತನ್ನ ಡಿಜಿಟಲ್ ಕ್ಯಾಮೆರಾ ಒತ್ತಿದ, ಆಮೇಲೆ ಫೋಟೋವನ್ನು ನನಗೆ ಇಮೇಲ್ ಮಾಡಿದ. ನಾನು ದೀಪಾವಳಿಯಲ್ಲಿ ಪಟಾಕಿ ಹಚ್ಚಲು ಊದಿನಕಡ್ಡಿಗೆ ಉದ್ದನೆಯ ಕೋಲು ಕಟ್ಟಿಕೊಳ್ಳುವ ಆಸಾಮಿ. ಅದೆಲ್ಲ ಫೋಟೋದಲ್ಲಿ ಕಾಣುವುದಿಲ್ಲವಲ್ಲ.

ಆಗ ನಮ್ಮ ವಯಸ್ಸಿನವರೆಲ್ಲ ಸೇರುತ್ತಿದ್ದ ಒಂದು ವೆಬ್‌ಸೈಟ್ ಇತ್ತು. ಚಿಕ್ಕಮಗಳೂರು, ಮೂಡಿಗೆರೆಯ ಎಸ್ಟೇಟ್ ಹುಡುಗರು ಅಲ್ಲಿ ತಮ್ಮ ಬೈಕು, ಜೀಪುಗಳ ಫೋಟೋ ಹಾಕುತ್ತಿದ್ದರು. ನನ್ನ ಬಳಿ ಇದ್ದದ್ದು ಮೊಪೆಡ್ಡು. ಏರು ಬಂದರೆ ಅದು ನನ್ನನ್ನು ಹೊರುವ ಬದಲು ನಾನು ಅದನ್ನು ತಳ್ಳುತ್ತಿದ್ದೆ. ಹೊಟ್ಟೆಕಿಚ್ಚು ತಡೆಯಲಾರದೆ ಒಂದು ಮಧ್ಯಾಹ್ನ ಹಂದಿಯ ಫೋಟೋ ಹಾಕಿ, ಕೆಳಗೆ ‘ನಿನ್ನೆ ರಾತ್ರಿ, ಒಂದೇ ಈಡು’ ಎಂದು ಬರೆದೆ.

ಹೊಗಳಿಕೆ ಸುರಿಯಿತು. ಯಾರೋ ಅದನ್ನು ಯಾರಿಗೋ ಕಳಿಸಿದರು, ಅವರು ಇನ್ನಾರಿಗೋ. ಕೊನೆಗೆ ಬೆಂಗಳೂರಿನ ಒಬ್ಬ ಪ್ರಾಣಿಪ್ರಿಯರ ಕೈಸೇರಿ, ಅವರಿಂದ ಜಿಲ್ಲೆಯ ದೊಡ್ಡ ಪೊಲೀಸ್ ಸಾಹೇಬರ ಮೇಜಿಗೆ ಬಂದು ಕೂತಿತು. ಕುದುರೆಮುಖದ ಕಾಡಿನಲ್ಲಿ ನಕ್ಸಲರನ್ನು ಹುಡುಕುತ್ತಿದ್ದ ಕಾಲ ಅದು. ಕೋವಿ ಎಂದರೆ ಸಾಕು, ಜೀಪು ಹೊರಡುತ್ತಿತ್ತು. ಚಿಕ್ಕಪ್ಪನಿಗೂ ನನಗೂ ಸ್ಟೇಷನ್ನಿನಿಂದ ಕರೆ ಬಂತು.

ಸಬ್ ಇನ್‌ಸ್ಪೆಕ್ಟರು ಫೋಟೋದ ಕಪ್ಪು ಬಿಳುಪು ಪ್ರಿಂಟನ್ನು ಮೇಜಿನ ಮೇಲೆ ಇಟ್ಟರು.

“ಗೌಡ್ರೇ, ನಿಮ್ ಕೋವಿ ನಮ್ ರೂಮಲ್ಲೇ ಇದೆ. ಇಲ್ ನೋಡಿದ್ರೆ ಇವ್ನ ಕೈಲೂ ಇದೆ. ರಾತ್ರಿ ಶಿಕಾರಿಗೆ ನಾನೇ ಬಾಡಿಗೆಗೆ ಕೊಟ್ನಾ ಅಂತ ಮೇಲ್ನೋರು ಕೇಳ್ತಿದಾರೆ. ನಿಮ್ ಲೈಸೆನ್ಸ್ ರದ್ದು ಮಾಡಕ್ಕೆ ಬರೀರಿ ಅಂತಿದಾರೆ. ಏನ್ ಮಾಡ್ಲಿ?”

ಚಿಕ್ಕಪ್ಪ ನನ್ನ ಕಡೆ ತಿರುಗಿದರು. “ಎಂತದಾ ಇದು?”

“ಸುಳ್ಳು ಚಿಕ್ಕಪ್ಪ. ಅದು ನಮ್ ಊಟದ ಹಂದಿ.”

“ಸುಳ್ಳು ಅಂದ್ರೆ ಹೆಂಗೆ ಮಾರಾಯ,” ಎಂದರು ಬಾಗಿಲಲ್ಲಿ ನಿಂತಿದ್ದ ದಫೇದಾರರು. “ಇಂಟರ್ನೆಟ್ಟಲ್ಲೇ ಬಂದಿದೆಯಲ್ಲ.”

ಹುಟ್ಟಿದಾಗಿನಿಂದ ನಾನು ಹೇಳಿದ ಸುಳ್ಳುಗಳನ್ನೆಲ್ಲ ಜನ ನಂಬಿದ್ದರು. ಮೊದಲ ಸಲ ನಿಜ ಹೇಳಿದರೆ ಈ ಗತಿ.

“ಮೊದ್ಲು ತೆಗ್ದ್ ಹಾಕು ಅದನ್ನ,” ಎಂದರು ಇನ್‌ಸ್ಪೆಕ್ಟರು.

“ಕರೆ ಬಂದ ತಕ್ಷಣ ತೆಗ್ದೆ ಸರ್.”

“ಮತ್ತೆ ಇವತ್ತು ಮಂಗ್ಳೂರಿಂದ ಇನ್ನೊಬ್ರು ಕಳ್ಸಿದಾರಲ್ಲ?”

“ನೋಡ್ದೋರೆಲ್ಲ ಒಂದೊಂದು ಕಾಪಿ ಇಟ್ಕೊಂಡಿದಾರೆ ಸರ್.”

“ಅಲ್ಲಯ್ಯ, ಅದು ಇರದಾದ್ರೂ ಎಲ್ಲಿ?”

“ಅಮೆರಿಕದಲ್ಲಿ ಸರ್. ಕಂಪನಿಯೋರ ಕಂಪ್ಯೂಟರಲ್ಲಿ.”

“ನಮ್ ಲಿಮಿಟ್ಟು ಘಾಟಿಗೇ ಮುಗೀತದೆ ಸರ್,” ಎಂದು ದಫೇದಾರರು ನೆನಪಿಸಿದರು.

ನನಗೆ ನಗು ಬಂತು. ಆದರೆ ಅವರ ಕಷ್ಟ ನಗುವಂಥದ್ದಾಗಿರಲಿಲ್ಲ. ಕಳ್ಳಬಟ್ಟಿಯಾದರೆ ಹಂಡೆ ಹೊತ್ತು ತರಬಹುದು, ಮರಗಳ್ಳತನವಾದರೆ ನಾಟಾ ತರಬಹುದು, ಸ್ಥಳಕ್ಕೆ ಹೋಗಿ ಮಹಜರು ಬರೆಯಬಹುದು. ನನ್ನ ಹಂದಿಗೆ ಸ್ಥಳವೇ ಇರಲಿಲ್ಲ. ಸ್ಟೇಷನ್ನಿನ ಕಂಪ್ಯೂಟರಿಗೆ ಇಂಟರ್ನೆಟ್ಟೂ ಇರಲಿಲ್ಲ.

ಅಷ್ಟರಲ್ಲಿ ಚಿಕ್ಕಪ್ಪ ನೆಲ ನೋಡುತ್ತ, “ಅಪ್ಪನ ಕಾಲದ ಲೈಸೆನ್ಸು ಸಾರ್ ಅದು. ಒಂದ್ಸಲ ಹೋದ್ರೆ ಮತ್ತೆ ಸಿಗಲ್ಲ. ರಾತ್ರಿ ಒಂದು ಸದ್ದು ಮಾಡ್ಲಿಲ್ಲ ಅಂದ್ರೆ ಗದ್ದೇಲಿ ಒಂದು ತೆನೆ ಉಳ್ಸಲ್ಲ ಹಂದಿಗಳು,” ಎಂದರು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ನನ್ನ ತಮಾಷೆಯೆಲ್ಲ ಅಲ್ಲಿಗೆ ಇಳಿಯಿತು.

“ಸರ್, ಅಸಲಿ ಫೋಟೋ ನನ್ನ ಇಮೇಲಲ್ಲಿದೆ. ಅದ್ರಲ್ಲಿ ಎಲ್ಲಾ ಸರಿಯಾಗಿ ಕಾಣುತ್ತೆ. ಕೆಫೆಗೆ ಬನ್ನಿ, ತೋರಿಸ್ತೀನಿ,” ಎಂದೆ.

ಇನ್‌ಸ್ಪೆಕ್ಟರು ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು. ಬರೆಯಲಿಲ್ಲ. ಟೋಪಿ ತೆಗೆದುಕೊಂಡು ಎದ್ದರು. ಇದಕ್ಕಾಗಿ ನಾನು ಅವರನ್ನು ಇಂದಿಗೂ ನೆನೆಯುತ್ತೇನೆ.

ಖಾಕಿ ಕಂಡದ್ದೇ ಕೆಫೆಯಲ್ಲಿದ್ದ ಹುಡುಗರು ಒಬ್ಬೊಬ್ಬರಾಗಿ ಜಾರಿದರು. ಜಾರಿದವರು ಬಾಗಿಲಲ್ಲೇ ನಿಂತು ಇಣುಕಿದರು. ಪೇಟೆಯ ಅರ್ಧ ಜನ ಅವರ ಹಿಂದೆ ಸೇರಿದರು. ಆರೋಪಿಯಾದ ನಾನೇ ಕುರ್ಚಿಯಲ್ಲಿ ಕೂತು ಆರೋಪಿಯನ್ನು ಹುಡುಕತೊಡಗಿದೆ. ಪೊಲೀಸರು ಬೆನ್ನ ಹಿಂದೆ ನಿಂತಿದ್ದರು. ಫೋಟೋ ಮೇಲಿನಿಂದ ಕೆಳಗೆ ಗೆರೆಗೆರೆಯಾಗಿ ಇಳಿಯಿತು. ಮೊದಲು ಆಕಾಶ, ಆಮೇಲೆ ನನ್ನ ಕ್ರಾಪು, ಆಮೇಲೆ ನನ್ನ ವೀರಮುಖ. ಕೋವಿಯವರೆಗೆ ಬರುವಷ್ಟರಲ್ಲಿ ದಫೇದಾರರು ಟೀ ಕುಡಿದು ಮುಗಿಸಿದ್ದರು. ಕಟ್ಟಕಡೆಗೆ ಹಂದಿ ಬಂತು. ನಾನು ಅದರ ಹಿಂಗಾಲನ್ನು ದೊಡ್ಡದು ಮಾಡಿದೆ. ಪ್ರಿಂಟಿನಲ್ಲಿ ಹುಲ್ಲಿನ ಹಾಗೆ ಕಂಡದ್ದು ಹಳದಿ ನೈಲಾನ್ ಹಗ್ಗ.

ದಫೇದಾರರು ಬಗ್ಗಿ ನೋಡಿದರು. “ಕಟ್ ಹಾಕಿದ್ ಹಂದಿನಾ? ಒಂದೇ ಈಡಂತೆ. ಹಿಂದ್ಗಡೆ ನೋಡಿ ಸಾರ್, ಅಡುಗೆ ಹಂಡೆ, ಸೌದೆ ಎಲ್ಲಾ ರೆಡಿ ಇದೆ.”

ಬಾಗಿಲಲ್ಲಿ ನಗು ಎದ್ದಿತು. ಫೋಟೋ ತೆಗೆದ ತಾರೀಖನ್ನೂ ಕಂಪ್ಯೂಟರಿನಲ್ಲಿ ತೋರಿಸಿದೆ. ಚುನಾವಣೆ ಘೋಷಣೆಗೂ ಮೊದಲಿನದು. ಇನ್‌ಸ್ಪೆಕ್ಟರು ಚಿಕ್ಕಪ್ಪನ ಕಡೆ ತಿರುಗಿ, “ಇವ್ನು ಕೋವಿ ಮುಟ್ಟಿದ್ದೂ ತಪ್ಪೇ ಗೌಡ್ರೇ. ಇನ್ನೊಂದ್ಸಲ ಇವ್ನ ಕೈಗೆ ಸಿಗೋ ಹಾಗೆ ಇಟ್ರೆ ಲೈಸೆನ್ಸ್ ರದ್ದಿಗೆ ನಾನೇ ಬರೀತೀನಿ. ಈ ಸಲ ಹಂದಿ ಸಾಕಿದ್ದು, ಕೋವಿ ನಮ್ಮಲ್ಲೇ ಇತ್ತು ಅಂತ ಬರೀತೀನಿ,” ಎಂದರು. ಚಿಕ್ಕಪ್ಪ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತುಬಿಟ್ಟರು.

ಅದೇ ವೆಬ್‌ಸೈಟಿನಲ್ಲಿ ನಾನು ನಿಜ ಬರೆಯಬೇಕೆಂದು ಅಪ್ಪಣೆಯಾಯಿತು. ದಫೇದಾರರೇ ಹೇಳಿ ಬರೆಸಿದರು: “ಸದರಿ ಹಂದಿಯು ಸಾಕಿದ ಹಂದಿಯಾಗಿದ್ದು, ಸದರಿಯವನು ಅದನ್ನು ಹೊಡೆದಿರುವುದಿಲ್ಲ.” ಕನ್ನಡ ಅಕ್ಷರ ಒತ್ತಲು ಬಾರದ ನಾನು ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿದೆ. ಅದನ್ನು ಯಾರೂ ಯಾರಿಗೂ ಕಳಿಸಲಿಲ್ಲ. ಸುಳ್ಳು ಹಂದಿ ಮಾತ್ರ ಆಮೇಲೂ ಊರೂರು ತಿರುಗಿತು. ಒಮ್ಮೆ ನನಗೇ ಬಂತು, ‘ಈ ರಾಕ್ಷಸನನ್ನು ಹಿಡಿಯಿರಿ’ ಎಂಬ ಒಕ್ಕಣೆಯೊಂದಿಗೆ.

ಎಣಿಕೆ ಮುಗಿದ ಮೇಲೆ ಚಿಕ್ಕಪ್ಪನ ಜೊತೆ ಕೋವಿ ಬಿಡಿಸಿಕೊಳ್ಳಲು ಹೋದೆ. ಇನ್‌ಸ್ಪೆಕ್ಟರು ಕೋವಿಯನ್ನು ಚಿಕ್ಕಪ್ಪನ ಕೈಗೇ ಕೊಟ್ಟರು. ನಾನು ಥ್ಯಾಂಕ್ಸ್ ಎಂದು ತೊದಲಿದಾಗ ಕೂರಿಸಿಕೊಂಡು ಹೇಳಿದರು:

“ನಿನ್ ಮೇಲೆ ಸಿಟ್ಟಿಲ್ಲ ಕಣೋ. ಕರ್ದ ಕೂಡ್ಲೇ ಬಂದೆ, ಅಷ್ಟು ಜನದ ಎದ್ರು ಮಾನ ಕಳ್ಕೊಂಡೆ, ಗೌಡ್ರ ಲೈಸೆನ್ಸ್ ಉಳೀತು. ಮುಂದೆ ಯಾವನೋ ಎಲ್ಲೋ ಕೂತು ಯಾರದೋ ಮನೆ ಹಾಳು ಮಾಡೋವಂಥದ್ದು ಹಾಕ್ತಾನೆ. ಅವ್ನ ಊರು ಯಾವ್ದು ಅಂತಾನೂ ನಂಗೆ ಗೊತ್ತಾಗಲ್ಲ. ಅವತ್ತು ನಿನ್ನ ನೆನೆಸ್ಕೊತೀನಿ ನೋಡು.”