ಬಾಂಬಿನ ನ್ಯಾಯಕ್ಕೆ ಕಂಬಳಿ ಹಾಸಿದ ಮೇಷ್ಟ್ರು

ನಮ್ಮೂರು ನನ್ನಿವಾಳದ ಶಾಲೆಗೆ ಒಬ್ಬ ಮೇಷ್ಟ್ರು ಬಂದಿದ್ದರು. ಯಾರು ಏನೇ ಹೇಳಲಿ, ಕನ್ನಡಕವನ್ನು ಹಣೆಗೇರಿಸಿ, "ಸರಿ, ಆ ಕಡೆಯವರು ಏನಂತಾರೆ?" ಎಂದು ಕೇಳುವರು. ನಾಲ್ಕೇ ಅಕ್ಷರ ಕಲಿತ ಈ ಮುದುಕಿಯನ್ನೂ ಹಾಗೇ ಕೇಳುತ್ತಿದ್ದರು. ನನಗೆ ಅದೆಷ್ಟು ಹಿಗ್ಗು!

ನಮ್ಮ ದೇಶ ರಾಜಸ್ಥಾನದ ಮರಳಿನಲ್ಲಿ ಎರಡನೇ ಸಲ ಅಣುಬಾಂಬು ಸಿಡಿಸಿದ ವರ್ಷ ಅವರು ಶಾಲೆಯ ಅಂಗಳದಲ್ಲಿ ಚರ್ಚೆ ಇಟ್ಟರು: ಅಂಥ ಬಾಂಬು ಕಾನೂನಿಗೆ ಒಪ್ಪುತ್ತದೆಯೇ? ಒಪ್ಪುವುದಿಲ್ಲ ಎಂದು ವಾದಿಸುವವಳು ನನ್ನ ಮೊಮ್ಮಗಳು! ಅವಳು ಬಾಯಿ ತೆರೆದಳೋ ಇಲ್ಲವೋ, ಕುರಿ ಕಾಯುವ ನನ್ನ ಮೈದುನ ಕೋಲು ಹಿಡಿದು ಎದ್ದ.

"ಏನ್ರೀ ಮೇಷ್ಟ್ರೇ, ದೇಶಕ್ಕೆ ಕಾವಲು ಬ್ಯಾಡ ಅಂತ ಕಲಿಸ್ತೀರಾ? ಕೂರ್ಸ್ರಿ ಅವಳನ್ನ!"

ಹುಡುಗಿ ಹಿಂದೆ ಸರಿದು ಕೂರಲು ಹೊರಟಳು. ಈಗ ಕೂತರೆ ಇನ್ನೆಂದೂ ನಾಲ್ಕು ಜನರೆದುರು ಏಳಲಾರಳೆಂದು ನನಗೆ ದಿಗಿಲಾಯಿತು.

ಮೇಷ್ಟ್ರು ಬೈಯಲಿಲ್ಲ. ಮೈದುನನ ಹೆಗಲ ಕಂಬಳಿಯನ್ನೇ ತೆಗೆದು ನೆಲಕ್ಕೆ ಹಾಸಿದರು. ಕಂಬಳಿ ಹಾಸಿದರೆ ನಮ್ಮವರಲ್ಲಿ ನ್ಯಾಯ ಕೂತಂತೆ. ಕೋಲನ್ನು ಅದರ ಮೇಲಿಟ್ಟೇ ಮಾತಾಡಬೇಕು. ಅವನು ಗೊಣಗುತ್ತಾ ಇಟ್ಟ.

"ಈಗ ಹೇಳವ್ವ," ಎಂದರು ಮೇಷ್ಟ್ರು.

ಹೇಳಿದಳು ನೋಡಿ! "ಅದನ್ನ ಬಳಸೋದು ಸಾಮಾನ್ಯವಾಗಿ ಕಾನೂನಿಗೆ ವಿರುದ್ಧ ಅಂತ ಲೋಕದ ನ್ಯಾಯಾಲಯ ಹೇಳೈತೆ. ಆದ್ರೆ ದೇಶಾನೇ ಅಳಿಯೋ ಹೊತ್ನಾಗೆ ಬಳಸಿದ್ರೆ ಸರಿಯೋ ತಪ್ಪೋ ಅಂತ ಹೇಳಕಾಗಲ್ಲ ಅಂದೈತೆ."

ಮೈದುನ ಕಂಬಳಿಯ ಅಂಚಿಗೆ ಕೂತೇಬಿಟ್ಟ. "ಅಂಥಾ ಹೊತ್ತು ಬಂದೈತೆ ಅಂತ ಯಾರವ್ವ ಗೊತ್ತು ಮಾಡೋರು?"

ಮೇಷ್ಟ್ರು ಮಕ್ಕಳಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಅದು ಮೊಮ್ಮಗಳಿಗೆ ಎಂದು ನಾನು, ತನಗೆ ಎಂದು ಮೈದುನ, ಇವತ್ತಿಗೂ ಜಗಳಾಡುತ್ತೇವೆ.