ಕೋಲು ಹಿಡಿದವರಿಲ್ಲದ ಊರು

‘ದೊಡ್ಡವ್ವ, ಈ ಊರು ಖರೇ ಅಲ್ಲ ಬಿಡು’ ಎಂದು ರೇಣುಕಾ ನನ್ನ ಕಿವಿಯಲ್ಲಿ ಹೇಳಿದಾಗ ಸಿನಿಮಾ ಆಗಷ್ಟೇ ಶುರುವಾಗಿತ್ತು. ಶಹಾಪುರದ ಟಾಕೀಸಿನಲ್ಲಿ ಕನ್ನಡಕ್ಕೆ ಡಬ್ ಆದ ಇಂಗ್ಲಿಷ್ ಸಿನಿಮಾ. ಪರದೆ ಮೇಲೆ ದೊಡ್ಡ ಊರು, ಬೀದಿ ತುಂಬ ಜನ. ‘ಸುಮ್ನ ನೋಡು’ ಅಂದೆ.

ಇಂಟರ್‌ವಲ್ ಹೊತ್ತಿಗೆ ಗುಟ್ಟು ಬಯಲಾಯಿತು. ಆ ಊರೆಲ್ಲ ಒಂದು ಯಂತ್ರ ಜನರ ತಲೆಯೊಳಗೆ ಕಟ್ಟಿದ ಸುಳ್ಳು. ನಾನು ಬೆರಗಾಗಿ ಆಕೆಯ ಮುಖ ನೋಡಿದೆ.

ರೇಣುಕಾ ನನ್ನ ತಂಗಿಯ ಮಗಳು, ಪಕ್ಕದ ಸಗರ ಹಳ್ಳಿಯವಳು, ಒಂಬತ್ತನೇ ಕ್ಲಾಸು ಓದುತ್ತಾಳೆ. ಹುಟ್ಟಿನಿಂದಲೇ ಒಂದು ಕಾಲಿಗೆ ಬಲವಿಲ್ಲ, ನಡೆಯಲು ಕೋಲು ಬೇಕು. ಕೋಲನ್ನು ತೊಡೆ ಮೇಲೆ ಅಡ್ಡ ಇಟ್ಟುಕೊಂಡು ಹೇಳಿದಳು: ‘ನಮ್ಮ ಸಗರದಾಗ ನಾ ಅದೀನಿ, ಕುರಿ ಕಾಯೋ ಮಲ್ಲಣ್ಣ ಅದಾನ. ಅಷ್ಟು ದೊಡ್ಡ ಊರಾಗ ಕುಂಟಿಕೋತ ಹೋಗೋರು ಒಬ್ರೂ ಇಲ್ಲಂದ್ರ ಅದು ಖರೇ ಊರು ಹ್ಯಾಂಗಾಗ್ತದ?’

ಆಮೇಲೆ ಸಿನಿಮಾದಲ್ಲಿ ಜನ ಎಚ್ಚರಗೊಂಡು ನಿಜವಾದ ಲೋಕಕ್ಕೆ ಬಂದರು. ಅಲ್ಲಿ ಕಪ್ಪು ಬಣ್ಣದವರಿದ್ದರು, ಮುದುಕಿಯರೂ ಇದ್ದರು. ರೇಣುಕಾ ಮುಂದಕ್ಕೆ ಬಾಗಿ, ಮುಂದಿನ ಸೀಟಿನ ಮೇಲೆ ಗದ್ದ ಇಟ್ಟು, ಒಬ್ಬೊಬ್ಬರನ್ನೇ ನೋಡತೊಡಗಿದಳು. ಟಾಕೀಸಿನ ಲೈಟು ಹತ್ತುವವರೆಗೂ ಹಾಗೇ ನೋಡುತ್ತಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ‘ಆ ಖರೇ ಲೋಕದಾಗೂ ಕೋಲು ಹಿಡಿದೋರು ಒಬ್ರೂ ಇರಲಿಲ್ಲ, ದೊಡ್ಡವ್ವ’ ಅಂದಳು.

ಈಗ ಯಾವ ಸಿನಿಮಾಕ್ಕೆ ಹೋದರೂ ನನ್ನ ಕಣ್ಣು ಹೀರೋನ ಮೇಲೆ ನಿಲ್ಲುವುದಿಲ್ಲ. ಅವನ ಹಿಂದೆ ಹಾದುಹೋಗುವ ಮಂದಿಯಲ್ಲಿ ಒಂದು ಕೋಲನ್ನು ಹುಡುಕುತ್ತಿರುತ್ತದೆ.